ನೆಟ್ ಎಲ್ಲಿ ಕೈಕೊಟ್ಟಿದೆ? ನೀವೇ ಹುಡುಕಿ

ಕಲಬುರಗಿಯಲ್ಲಿ ಕರೆಂಟ್ ಹೋದರೆ ಮೊದಲು ಪಕ್ಕದ ಮನೆ ನೋಡುತ್ತೇವೆ. ನೆಟ್ ಹೋದರೆ ಮಾತ್ರ ನೇರವಾಗಿ ಕನೆಕ್ಷನ್ ಕೊಟ್ಟವರಿಗೆ ಫೋನ್ ಹಚ್ಚುತ್ತೇವೆ. ನಾನೂ ಒಮ್ಮೆ ಅರ್ಧ ದಿನ ಅವರನ್ನು ಬೈದೆ. ಆಮೇಲೆ ನೋಡಿದರೆ, ಕಸ ಗುಡಿಸುವಾಗ ರೂಟರ್ ಹಿಂದಿನ ವೈರ್ ಕಿತ್ತು ಬಂದಿತ್ತು!

ಪಿಂಗ್ ಗೊತ್ತಿದ್ದರೆ ಇದು ಎರಡು ನಿಮಿಷದ ಕೆಲಸ. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಂ ಇದು. ಇನ್ನೊಂದು ಯಂತ್ರವನ್ನು ‘ಇದ್ದೀಯಾ?’ ಎಂದು ಕೂಗುತ್ತದೆ. ಉತ್ತರ ಬಂದರೆ ಅಲ್ಲಿಯವರೆಗಿನ ದಾರಿ ಸರಿಯಿದೆ ಎಂದರ್ಥ.

ಮೊದಲು ನಿಮ್ಮ ಕಂಪ್ಯೂಟರಿನ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ (cmd) ಎಂದು ಹೊಡೆದು ಎಂಟರ್ ಕೊಡಿ. ಕಪ್ಪು ಪರದೆಯಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ ಎಂಟರ್ ಕೊಡಿ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಐಪಿವಿ4 ಅಡ್ರೆಸ್ ಎಂಬಲ್ಲಿ 192.168.1.5ರಂಥ ಸಂಖ್ಯೆ ಕಾಣುತ್ತದೆ. ಅದು 169.254ರಿಂದ ಶುರುವಾದರೆ ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ. ವೈರ್, ವೈಫೈ ನೋಡಿ.

ಇದೇ 192.168.1.5 ಎದುರು ಮನೆಯಲ್ಲೂ ಇರಬಹುದು. ಹೇಗೆ? ‘ತಮ್ಮಾ’ ಎಂದು ಕೂಗಿದರೆ ಮನೆಮನೆಯಲ್ಲೂ ಒಬ್ಬ ಓ ಎನ್ನುತ್ತಾನೆ, ಅಲ್ವಾ? ಆದರೆ ಬರೀ ‘ತಮ್ಮಾ’ ಎಂದು ಬರೆದ ಕಾಗದವನ್ನು ಪೋಸ್ಟ್‌ಮನ್ ಯಾರಿಗೆ ಕೊಡಬೇಕು? ಐಪಿವಿ4 ಎಂಬ ಈ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಗತ್ತಿನ ಫೋನು, ಲ್ಯಾಪ್‌ಟಾಪ್‌ಗಳಿಗೆಲ್ಲ ಅದು ಸಾಲದು. ಹಾಗಾಗಿ ಮನೆಯೊಳಗೆ ಒಂದು ವಿಳಾಸ. ಹೊರಗೆ ಹೋಗುವಾಗ ರೂಟರ್ ಅದನ್ನು ತೆಗೆದು ಹೊರಗಿನ ವಿಳಾಸ ಹಾಕಿ ಕಳಿಸುತ್ತದೆ.

ಅದೇ ಪರದೆಯಲ್ಲಿ ಡಿಫಾಲ್ಟ್ ಗೇಟ್‌ವೇ ಎಂಬ ಸಂಖ್ಯೆಯೂ ಇದೆ. ಇದು ನಿಮ್ಮ ನೆಟ್‌ವರ್ಕಿನ ಅಗಸಿ, ಅಂದರೆ ಊರಬಾಗಿಲು; ಮನೆಯಲ್ಲಿ ಆ ಕೆಲಸ ರೂಟರಿನದು. ಊರು ಬಿಟ್ಟು ಹೋಗುವ ಬಂಡಿ ಅಗಸಿ ದಾಟಲೇಬೇಕು. ಪಿಂಗ್ (ping) ಎಂದು ಹೊಡೆದು, ಜಾಗ ಬಿಟ್ಟು ಆ ಸಂಖ್ಯೆ ಬರೆಯಿರಿ. ವಿಂಡೋಸ್ ನಾಲ್ಕು ಸಲ ಕೂಗುತ್ತದೆ. ‘ರಿಪ್ಲೈ’ ಜೊತೆ ಟೈಮ್ ಕೂಡ ಬಂದರೆ ಮನೆಯೊಳಗಿನ ದಾರಿ ಸರಿ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಅಥವಾ ‘ಅನ್‌ರೀಚಬಲ್’ ಎಂದು ಬಂದರೆ ತೊಂದರೆ ಬಹುಶಃ ಮನೆಯೊಳಗೇ ಇದೆ.

ಟೈಮ್ ಎಂಬಲ್ಲೂ ಕಣ್ಣಾಡಿಸಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 600 ಕಿ.ಮೀ. ಆಚೆಯ ಬೆಂಗಳೂರಿಗೆ ಹೋಗಿಬರಲು ಅದಕ್ಕೆ ಬರೀ 6 ಮಿಲಿಸೆಕೆಂಡ್ ಸಾಕು. ಅಂಥದ್ದರಲ್ಲಿ ಪಕ್ಕದ ಕೋಣೆಯ ರೂಟರ್ ಉತ್ತರಕ್ಕೆ ಮತ್ತೆ ಮತ್ತೆ 200 ಮಿಲಿಸೆಕೆಂಡ್ ಹಿಡಿದರೆ ವೈಫೈ ಸೊರಗಿದೆ ಎಂದೇ ತಿಳಿಯಿರಿ. ನಮ್ಮ ಕಡೆಯ ಹಳೆ ಮನೆಗಳ ದಪ್ಪ ಕಲ್ಲಿನ ಗೋಡೆ ಬೇಸಿಗೆಗೆ ತಂಪು. ಸಿಗ್ನಲ್‌ಗೆ ಮಾತ್ರ ಶತ್ರು.

ಈಗ ಹೊರಗೆ ಬನ್ನಿ. ಗೂಗಲ್‌ನ ಒಂದು ಸರ್ವರ್ ವಿಳಾಸ 8.8.8.8. ಅದಕ್ಕೆ ಪಿಂಗ್ ಮಾಡಿ. ಅಗಸಿ ಓ ಎಂದು, ಇದು ಸುಮ್ನಿದ್ದರೆ ಫೋನ್ ಹಚ್ಚಲು ಅಡ್ಡಿಯಿಲ್ಲ.

8.8.8.8 ಮಾತಾಡುತ್ತದೆ, ಆದರೂ ಯಾವ ಸೈಟೂ ತೆರೆಯುತ್ತಿಲ್ಲವೇ? ಗೂಗಲ್ ಡಾಟ್ ಕಾಮ್ ಹೆಸರಿಗೇ ಪಿಂಗ್ ಮಾಡಿ. ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದರೆ ದಾರಿ ಸರಿಯಿದೆ, ವಿಳಾಸ ಹೇಳುವವರಿಲ್ಲ. ಆಟೋ ಹತ್ತಿ ‘ಸೂಪರ್ ಮಾರ್ಕೆಟ್’ ಎಂದರೆ ಸಾಕು, ಡೋರ್ ನಂಬರ್ ಬೇಡ. ಡ್ರೈವರ್‌ಗೆ ಜಾಗ ಗೊತ್ತು. ನೆಟ್‌ನಲ್ಲಿ ಹೆಸರಿನಿಂದ ಸಂಖ್ಯೆ ಹುಡುಕಿಕೊಡುವುದು ಡಿಎನ್ಎಸ್. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್ಎಸ್ ಜಾಗಕ್ಕೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.