ಸಿಹಿ ಸ್ಟೌಟ್ ಬಿಯರ್‌ನ ಫ್ರೀಜರ್‌ಗೆ ಹಾಕ್ಬೇಡಿ ಮಾರಾಯ್ರೆ, ಹೀಗೆ ಕುಡಿದು ನೋಡಿ

ಮೊನ್ನೆ ಚಿಕ್ಕಪ್ಪನ ಮಗ ಬೆಂಗಳೂರಿಂದ ಚಿಕ್ಕಮಗಳೂರಿಗೆ ಬರೋವಾಗ ನಾಲ್ಕು ಕ್ಯಾನ್ ಮಿಲ್ಕ್ ಸ್ಟೌಟ್, ಅಂದ್ರೆ ಸಿಹಿ ಇರೋ ಕಪ್ಪು ಬಿಯರ್, ತಂದಿದ್ದ. ಬಂದವ್ನೇ ಸೀದಾ ಫ್ರೀಜರ್‌ಗೆ ಹಾಕ್ದ, ಮುಕ್ಕಾಲು ಗಂಟೆ ಬಿಟ್ಟು ತೆಗ್ದು ಎಲ್ರಿಗೂ ಸ್ಟೀಲ್ ಲೋಟದಲ್ಲಿ ಹಂಚಿದ, ಕುಡಿದವ್ರೆಲ್ಲ ‘ಇದೆಂತ ಇದು, ತಣ್ಣಗಾದ ಕಾಫಿಗೆ ನೀರು ಹಾಕಿದ ಹಾಗಿದೆ’ ಅಂದು ಲೋಟ ಕೆಳಗಿಟ್ರು. ನಂಗೆ ನಿಜವಾಗ್ಲೂ ಬೇಜಾರಾಯ್ತು. ಒಂದು ಕ್ಯಾನ್ ಉಳ್ಕೊಂಡಿತ್ತು, ಅದನ್ನ ರಾತ್ರಿ ಊಟದ ಹೊತ್ತಿಗೆ ಗಾಜಿನ ಗ್ಲಾಸಲ್ಲಿ, ಸ್ವಲ್ಪ ಚಳಿ ಬಿಡಿಸಿ ಕೊಟ್ಟೆ. ಅದೇ ಜನ ‘ಇದು ಬೇರೆ ಬಿಯರಾ?’ ಅಂತ ಕೇಳಿದ್ರು. ಬೇರೆ ಅಲ್ಲ, ಅದೇ ಬಿಯರು. ಹಾಗಾಗಿ ಇದನ್ನ ಬರೀಬೇಕು ಅನ್ನಿಸ್ತು.

ಮೊದ್ಲು ಗ್ಲಾಸಲ್ಲಿ ಇರೋದೇನು ಅಂತ ತಿಳ್ಕೊಳ್ಳಿ. ಸ್ಟೌಟ್ ಕಪ್ಪಾಗಿರೋದು ಬಾರ್ಲಿಯನ್ನ ನಮ್ಮ ಕಾಫಿ ಬೀಜದ ಥರಾನೇ ಕಪ್ಪಗೆ ಹುರಿಯೋದ್ರಿಂದ. 1817ರಲ್ಲಿ ಇಂಗ್ಲೆಂಡಲ್ಲಿ ಡೇನಿಯಲ್ ವೀಲರ್ ಅನ್ನೋರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹುರಿಯೋದಕ್ಕೆ ಪೇಟೆಂಟ್ ತಗೊಂಡ ಯಂತ್ರ ಇದ್ಯಲ್ಲ, ಅದೂ ಕಾಫಿ ಹುರಿಯೋ ಡ್ರಮ್ ಥರದ್ದೇ ತಿರುಗೋ ಡ್ರಮ್ಮು. ಅದಕ್ಕೇ ವಾಸನೆ ನಮಗೆ ಪರಿಚಯದ್ದು ಅನ್ಸೋದು, ಕಾಫಿಪುಡಿ ಅಂಗಡಿ ಮುಂದೆ ನಡ್ಕೊಂಡು ಹೋದ ಹಾಗೆ. ಇನ್ನು ಸಿಹಿ ಎಲ್ಲಿಂದ ಬರುತ್ತೆ ಅಂದ್ರೆ, ಮಿಲ್ಕ್ ಸ್ಟೌಟ್‌ಗೆ ಲ್ಯಾಕ್ಟೋಸ್ ಅಂದ್ರೆ ಹಾಲಿನ ಸಕ್ಕರೆ ಹಾಕ್ತಾರೆ, ಬಿಯರ್ ಮಾಡೋ ಯೀಸ್ಟಿಗೆ ಬೇರೆ ಸಕ್ಕರೆ ಎಲ್ಲ ತಿಂದು ಆಲ್ಕೋಹಾಲ್ ಮಾಡೋಕೆ ಬರುತ್ತೆ, ಲ್ಯಾಕ್ಟೋಸ್ ಮಾತ್ರ ತಿನ್ನೋಕೆ ಬರಲ್ಲ, ಅದು ಹಾಗೇ ಉಳ್ದು ಬಾಯಿಗೆ ಸಿಹಿ ಮತ್ತೆ ಗಟ್ಟಿತನ ಕೊಡುತ್ತೆ. ಕೆಲವ್ರು ಓಟ್ಸ್ ಕೂಡ ಹಾಕ್ತಾರೆ, ಆ ರೇಷ್ಮೆ ಥರದ ನುಣುಪು ಅದರಿಂದ. ಇಂಗ್ಲೆಂಡಿನ ಕೆಂಟ್ ಕಡೆಯ ಮ್ಯಾಕೆಸನ್ ಅನ್ನೋದು ಈ ಜಾತಿಯ ಬಿಯರ್‌ನ ಒಂದು ಹಳೇ ಬ್ರಾಂಡು. ಹಾಲು ಕುಡಿದ್ರೆ ಹೊಟ್ಟೆ ಕೆಡೋರು ಇದನ್ನ ಮುಟ್ಬೇಡಿ, ಲ್ಯಾಕ್ಟೋಸ್ ಪೂರ್ತಿ ಅಲ್ಲೇ ಇರುತ್ತೆ.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮ ಕಡೆ ತುಂಬ ಇದೆ, ಕಪ್ಪಗಿದ್ರೆ ಸ್ಟ್ರಾಂಗ್ ಅಂತ. ಬಣ್ಣಕ್ಕೂ ಆಲ್ಕೋಹಾಲಿಗೂ ಸಂಬಂಧ ಇಲ್ಲ. ಸಿಹಿ ಸ್ಟೌಟ್ ಸಾಮಾನ್ಯವಾಗಿ 4ರಿಂದ 6 ಪರ್ಸೆಂಟ್ ಇರುತ್ತೆ, ಅಂಗಡೀಲಿ ಸಿಗೋ ಚಿನ್ನದ ಬಣ್ಣದ ಸ್ಟ್ರಾಂಗ್ ಬಿಯರ್ 8ರವರೆಗೂ ಹೋಗುತ್ತೆ. ಆದ್ರೆ ಲೇಬಲ್ ಮೇಲೆ ಇಂಪೀರಿಯಲ್ ಅಂತಿದ್ರೆ ಹುಷಾರು, ಅದು 8 ದಾಟಿರೋದೇ ಹೆಚ್ಚು, ಅದು ಬೇರೆ ಲೆಕ್ಕ.

ಈಗ ಮುಖ್ಯ ವಿಷ್ಯ, ತಣ್ಣಗೆ ಎಷ್ಟು. ಫ್ರಿಜ್ಜಿನ ಒಳಗೆ 4 ಡಿಗ್ರಿ ಆಸುಪಾಸು ಇರುತ್ತೆ, ಆ ಚಳಿಗೆ ನಾಲಿಗೆ ಮರಗಟ್ಟುತ್ತೆ, ಸಿಹಿ ಗೊತ್ತಾಗಲ್ಲ, ಹುರಿದ ಕಹಿ ಮಾತ್ರ ಮೇಲೆ ಬರುತ್ತೆ. ಈ ಬಿಯರ್‌ಗೆ ಸರಿಯಾಗೋದು 10ರಿಂದ 13 ಡಿಗ್ರಿ. ಅಂದ್ರೆ ಬಾಟ್ಲಿ ಫ್ರಿಜ್ಜಿಂದ ತೆಗ್ದು 20 ನಿಮಿಷ ಟೇಬಲ್ ಮೇಲೆ ಬಿಡಿ, ಬಯಲುಸೀಮೆ ಬೇಸಿಗೆ ಆದ್ರೆ 10 ನಿಮಿಷ ಸಾಕು. ನಮ್ಮಲ್ಲಿ ಡಿಸೆಂಬರ್ ರಾತ್ರಿ ಆದ್ರೆ ಫ್ರಿಜ್ಜೇ ಬೇಡ, ಹಿಂದಿನ ಜಗಲೀಲಿ ಒಂದೆರಡು ಗಂಟೆ ಇಟ್ರೆ ಹೆಚ್ಚುಕಮ್ಮಿ ಹದಕ್ಕೆ ಬರುತ್ತೆ, ಮಲೆನಾಡಲ್ಲಿ ಇರೋದ್ರ ಸುಖ ಇದು. ಐಸ್ ಅಂತೂ ಹಾಕ್ಲೇಬೇಡಿ.

ಗ್ಲಾಸು ಗಾಜಿನದೇ ಆಗಿರ್ಲಿ, ಹೊಟ್ಟೆ ಅಗಲ ಇದ್ದು ಬಾಯಿ ಸ್ವಲ್ಪ ಕಿರಿದಾಗಿರೋದು ಸಿಕ್ಕಿದ್ರೆ ವಾಸನೆ ಒಳಗೇ ನಿಲ್ಲುತ್ತೆ. ಅದಕ್ಕಿಂತ ಮುಖ್ಯ ಅದರಲ್ಲಿ ಜಿಡ್ಡು ಇರಬಾರ್ದು. ಮಜ್ಜಿಗೆ ಕುಡಿದ ಗ್ಲಾಸನ್ನ ಸುಮ್ನೆ ನೀರಲ್ಲಿ ಅಲ್ಲಾಡಿಸಿ ಬಿಯರ್ ಹಾಕಿದ್ರೆ ನೊರೆ ಒಂದು ನಿಮಿಷದಲ್ಲಿ ಸತ್ತುಹೋಗುತ್ತೆ. ಸೋಪಲ್ಲಿ ಚೆನ್ನಾಗಿ ತೊಳ್ದು, ಸೋಪು ಹೋಗೋವರೆಗೂ ಜಾಲಿಸಿ, ಬಟ್ಟೇಲಿ ಒರೆಸದೆ ಬೋರಲು ಹಾಕಿ ಒಣಗಿಸಿ.

ಹೊಯ್ಯೋದರಲ್ಲಿ ಎರಡು ದಾರಿ ಇದೆ. ಮಾಮೂಲಿ ಬಾಟ್ಲಿ ಆದ್ರೆ ಗ್ಲಾಸ್ ಓರೆ ಹಿಡ್ದು ಮುಕ್ಕಾಲು ಭಾಗ ನಿಧಾನಕ್ಕೆ ಹಾಕಿ, ಕೊನೇಗೆ ನೆಟ್ಟಗೆ ಹಿಡ್ದು ನಡುವಿಗೆ ಸುರಿದು ಎರಡು ಬೆರಳು ನೊರೆ ಎಬ್ಬಿಸಿ. ನೈಟ್ರೋ ಅಂತ ಬರ್ದಿರೋ ಕ್ಯಾನ್ ಆದ್ರೆ ಕತೆ ಉಲ್ಟಾ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಜೊತೆ ನೈಟ್ರೋಜನ್ ತುಂಬಿರ್ತಾರೆ, 1959ರಲ್ಲಿ ಐರ್ಲೆಂಡಿನ ಬಿಯರ್ ಕಂಪನಿ ಗಿನ್ನೆಸ್‌ನವ್ರು ಡ್ರಾಟ್ ಬಿಯರ್‌ಗೆ, ಅಂದ್ರೆ ಪೀಪಾಯಿಂದ ನಲ್ಲೀಲಿ ಹಿಡಿದು ಕೊಡೋ ಬಿಯರ್‌ಗೆ, ತಂದ ಪದ್ಧತಿ, ಗುಳ್ಳೆ ತುಂಬ ಸಣ್ಣದಾಗಿ ಬರೋದ್ರಿಂದ ಬಾಯಲ್ಲಿ ಚುಚ್ಚಲ್ಲ, ಕೆನೆ ಥರ ಇರುತ್ತೆ. ಕ್ಯಾನ್ ಖಾಲಿ ಆದ್ಮೇಲೆ ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅಂತ ಚಿಕ್ಕ ಪ್ಲಾಸ್ಟಿಕ್ ಚೆಂಡಿನ ಸದ್ದು ಬಂದ್ರೆ ಹೆದರ್ಬೇಡಿ, ಆ ಗುಳ್ಳೆ ಎಬ್ಬಿಸೋ ಕೆಲಸ ಅದ್ರದ್ದೇ. ಇಂಥ ಕ್ಯಾನನ್ನ ಬೆಚ್ಚಗಿರುವಾಗ ತೆಗೆದ್ರೆ ಉಕ್ಕಿ ಟೇಬಲ್ ತುಂಬುತ್ತೆ, ಹಾಗಾಗಿ ತಣ್ಣಗಿರುವಾಗ್ಲೇ ತೆಗ್ದು, ಹೆಚ್ಚು ಓರೆ ಮಾಡದೆ ಧಾರಾಳವಾಗಿ ಒಂದೇ ಸಲಕ್ಕೆ ಸುರೀರಿ, ಚಳಿ ಬಿಡಿಸೋದು ಗ್ಲಾಸಿಗೆ ಹಾಕಿದ್ಮೇಲೆ. ಗುಳ್ಳೆ ಗಾಜಿನ ಅಂಚಲ್ಲಿ ಕೆಳಗೆ ಇಳಿಯೋ ಥರ ಕಾಣುತ್ತೆ, ನಡುವೆ ಮೇಲೇರಿದ ಬಿಯರು ಅಂಚಿಂದ ಕೆಳಗಿಳಿಯೋವಾಗ ಗುಳ್ಳೇನೂ ಎಳ್ಕೊಂಡು ಹೋಗುತ್ತೆ ಅಷ್ಟೆ. ಅದು ನಿಲ್ಲೋವರೆಗೂ ಕಾಯಿರಿ, ನೋಡೋಕೇ ಖುಷಿ.

ರುಚಿ ನೋಡೋಕೆ ಮುಂಚೆ ಫಿಲ್ಟರ್ ಕಾಫಿ ಬೇಡ, ಎಲೆ ಅಡಿಕೆ ಅಂತೂ ಬೇಡವೇ ಬೇಡ, ಅಡಿಕೆಯ ಒಗರು ನಾಲಿಗೆ ಮೇಲೆ ಕೂತ್ರೆ ಅರ್ಧ ಗಂಟೆ ಏನೂ ಗೊತ್ತಾಗಲ್ಲ. ನೀರು ಕುಡ್ದು ಬಾಯಿ ಸ್ವಚ್ಛ ಮಾಡ್ಕೊಳ್ಳಿ. ಗ್ಲಾಸ್ ಬೆಳಕಿಗೆ ಹಿಡೀರಿ, ಅಂಚಲ್ಲಿ ಮಾಣಿಕ್ಯದ ಕೆಂಪು ಕಾಣ್ಬಹುದು. ಮೂಗು ಹತ್ರ ತಂದು ಚಿಕ್ಕ ಚಿಕ್ಕ ಉಸಿರು ಎಳೀರಿ, ಮೊದ್ಲು ಹುರಿದ ಕಾಫಿ, ಕೋಕೋ, ಆಮೇಲೆ ಹಾಲು ಕಾಯಿಸಿ ಕಾಯಿಸಿ ಗಟ್ಟಿ ಆದಾಗಿನ ವಾಸನೆ. ಒಂದು ಗುಟುಕು ತಗೊಂಡು ತಕ್ಷಣ ನುಂಗ್ಬೇಡಿ, ನಾಲಿಗೆ ತುಂಬ ಹರಡಿ. ಸಿಹಿ ಮುಂದೆ ಬರುತ್ತೆ, ಕಹಿ ಹಿಂದಿಂದ ಬರುತ್ತೆ, ನುಂಗಿದ ಮೇಲೆ ಹುರಿದ ರುಚಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಸಿಹಿ ಅಂಟಂಟಾಗಿ ಉಳಿದ್ರೆ ಅದು ಚೆನ್ನಾಗಿ ಮಾಡಿದ ಸ್ಟೌಟ್ ಅಲ್ಲ, ಸುಟ್ಟ ಬೂದಿ ರುಚಿ ಬಂದ್ರೂ ಅಲ್ಲ. ಎರಡೂ ಒಂದನ್ನೊಂದು ಹಿಡ್ಕೊಂಡಿರ್ಬೇಕು, ಡಿಕಾಕ್ಷನ್ ಹಾಲು ಹದವಾಗಿ ಬೆರೆತ ಹಾಗೆ. ಅರ್ಧ ಗ್ಲಾಸ್ ಆದ್ಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ ನೋಡಿ, ಬೆಚ್ಚಗಾಗ್ತಾ ಹೊಸ ವಾಸನೆ ಬಿಡುತ್ತೆ, ನಂಗೆ ಇದರಲ್ಲಿ ತುಂಬ ಇಷ್ಟ ಆಗೋದು ಆ ಎರಡನೇ ಅರ್ಧಾನೇ.

ಜೊತೆಗೆ ತಿನ್ನೋಕೆ ಏನು? ಕಾಳುಮೆಣಸು ಹಾಕಿ ಹುರಿದ ಹಂದಿ ಮಾಂಸ, ಅದರ ಮುಂದೆ ನಂಗೆ ಬೇರೇನೂ ಇಲ್ಲ. ಕೊಬ್ಬು, ಉಪ್ಪು, ತೋಟದ ಮೆಣಸಿನ ಖಾರ ಮೂರಕ್ಕೂ ಈ ಸಿಹಿ ಸಮಾಧಾನ ಹೇಳುತ್ತೆ, ಹುರಿದ ಮಾಂಸದ ಕಂದು ಪದರಕ್ಕೂ ಹುರಿದ ಬಾರ್ಲಿಗೂ ಒಂದೇ ಮನೆಯ ರುಚಿ. ಹುಳಿ ಮಾತ್ರ ಕಮ್ಮಿ ಇರ್ಲಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಜಾಸ್ತಿ ಆದ್ರೆ ಬಿಯರ್ ಹುಳಿಹುಳಿ ಅನ್ಸುತ್ತೆ. ಮಟನ್ ಚಾಪ್ಸ್, ನಾಟಿ ಕೋಳಿ ಹುರಿದದ್ದು ಎಲ್ಲ ನಡೆಯುತ್ತೆ. ಹಾಸನ ಕಡೆ ಸ್ನೇಹಿತರು ಮುದ್ದೆ ಸಾರು ಜೊತೆ ಕುಡೀತೀವಿ ಅಂತಾರೆ, ನಾನು ಒಪ್ಪಲ್ಲ, ಮುದ್ದೆ ಹೊಟ್ಟೆ ತುಂಬಿಸಿಬಿಡುತ್ತೆ, ಇದೂ ತುಂಬಿಸುತ್ತೆ. ಮಾಂಸ ತಿನ್ನದವ್ರಿಗೆ ಮಳೆಗಾಲದ ಅಣಬೆನ ಬೆಣ್ಣೇಲಿ ಹುರಿದು ಮೆಣಸುಪುಡಿ ಹಾಕಿದ್ದು, ಕೆಂಡದಲ್ಲಿ ಸುಟ್ಟ ಗೆಣಸು, ಹಲಸಿನ ಹಪ್ಪಳ. ಉಪ್ಪಿನಕಾಯಿ, ನಿಂಬೆ ಹಿಂಡಿದ್ದು, ಹುಣಸೆ ಹುಳಿ ಬೇಡ. ತೆಳ್ಳಗಿನ ಮೀನು ಸಾರಿಗೂ ಬೇಡ, ಮೀನು ಕಾಣೆಯಾಗುತ್ತೆ.

ಸಿಹಿತಿಂಡಿ ಜೊತೆ ಕೊಡೋವಾಗ ಒಂದೇ ಲೆಕ್ಕ, ತಿಂಡಿ ಬಿಯರ್‌ಗಿಂತ ತುಂಬಾ ಸಿಹಿ ಇರಬಾರ್ದು. ಕಾಯಿ ಹೋಳಿಗೆ ತಿಂದು ಒಂದು ಗುಟುಕು ಕುಡೀರಿ, ಬಿಯರ್ ಕಹಿ ಕಷಾಯ ಆಗಿಬಿಡುತ್ತೆ. ಬೆಲ್ಲ ಕಮ್ಮಿ ಹಾಕಿದ ಹಲಸಿನ ಹಣ್ಣಿನ ಕಡುಬು, 70 ಪರ್ಸೆಂಟ್ ಡಾರ್ಕ್ ಚಾಕ್ಲೇಟ್ ಸರಿಹೋಗುತ್ತೆ. ಒಂದು ಸ್ಕೂಪ್ ವೆನಿಲ್ಲಾ ಐಸ್‌ಕ್ರೀಮ್ ಮೇಲೆ ನಾಲ್ಕು ಚಮಚ ಸ್ಟೌಟ್ ಸುರಿದು ಕೊಟ್ರೆ ಬಿಯರ್ ಬೇಡ ಅನ್ನೋರೂ ಬಟ್ಟಲು ನೆಕ್ತಾರೆ, ಆದ್ರೆ ಅದರಲ್ಲೂ ಆಲ್ಕೋಹಾಲ್ ಇದೆ, ಮಕ್ಕಳಿಗೆ ಸಿಗದ ಹಾಗೆ ನೋಡ್ಕೊಳ್ಳಿ. ಹಾಗೇ ಊಟ ಆದ್ಮೇಲೆ ಗಿರಿ ಕಡೆ ಗಾಡಿ ಹತ್ತಿಸೋ ಪ್ಲಾನ್ ಇದ್ದೋರಿಗೆ ಒಂದು ಗುಟುಕೂ ಕೊಡ್ಬೇಡಿ, ಆ ತಿರುವು, ಆ ಮಂಜು ನಿಮ್ಗೆ ಗೊತ್ತಿರೋದೇ.

ಬಾಟ್ಲಿ ತಳದಲ್ಲಿ ಉಳಿದ್ರೆ ಮುಚ್ಚಿಟ್ಟು ನಾಳೆ ಕುಡಿಯೋಕೆ ಹೋಗ್ಬೇಡಿ, ಗ್ಯಾಸ್ ಹೋಗಿ ಸಪ್ಪೆ ಆಗಿರುತ್ತೆ. ಅದನ್ನ ಮಾರನೇ ದಿನದ ಮಟನ್‌ಗೆ ಹಾಕಿ, ಈರುಳ್ಳಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅರ್ಧ ಲೋಟ ಸಾಕು, ತುಂಬ ಹೊತ್ತು ಬತ್ತಿಸಿದ್ರೆ ಕಹಿ ಆಗುತ್ತೆ, ಗ್ರೇವಿ ಸ್ವಲ್ಪ ತೆಳ್ಳಗಿರುವಾಗ್ಲೇ ಒಲೆ ಆರಿಸಿ.