ಮೊದಲು ಮಾತ್ರೆ ಕವರ್ ಬಿಚ್ಚಿಸಿ: ಫಾರ್ಮ್‌ಡಿ ಮಕ್ಕಳಿಗೆ ಕಲಿಸೋರಿಗೆ

ನಿಮ್ಮ ಹತ್ತಿರ ಮೊದಲ ಸಲ ಫಾರ್ಮ್‌ಡಿ (ಔಷಧಿಗಳ ಬಗ್ಗೆ ಓದುವ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್) ಐದನೇ ವರ್ಷದ ಮಕ್ಕಳು ಬರುತ್ತಿದ್ದಾರಾ? ಮೊದಲ ವಾರ ಅವರ ಫೋನ್ ತೆಗೆದಿಟ್ಟುಬಿಡಿ. ಯಾವ ಔಷಧಿಗೆ ಯಾವ ಔಷಧಿ ಆಗಿಬರಲ್ಲ ಅಂತ ಹೇಳುವ ಆ್ಯಪ್ ತೆರೆದರೆ ಮುಗಿಯಿತು, ರೋಗಿಯ ಮುಖವನ್ನೇ ನೋಡುವುದಿಲ್ಲ. ನಾನು ಮೈಸೂರಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ವಾರ್ಡು, ಓಪಿಡಿ ಎರಡರಲ್ಲೂ ಮಕ್ಕಳನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡುತ್ತೇನೆ. ಪುಸ್ತಕದಲ್ಲಿರುವುದು ಅವರಿಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಕೇಳುವುದು ಮಾತ್ರ ಬರುವುದಿಲ್ಲ.

ನಮ್ಮಲ್ಲಿ ಫಾರ್ಮ್‌ಡಿ ಬಂದಿದ್ದು 2008ರಲ್ಲಿ. ಐದು ವರ್ಷ ಓದು, ಆರನೇ ವರ್ಷ ಇಂಟರ್ನ್‌ಶಿಪ್. ಇವರಿಗೆ ನಾವು ಕಲಿಸುವ ಕೆಲಸಕ್ಕೆ ಮೆಡಿಕೇಶನ್ ಥೆರಪಿ ಮ್ಯಾನೇಜ್‌ಮೆಂಟ್ ಅಂತಾರೆ. ಹೆಸರು ಅಮೆರಿಕದ್ದು, ಅಲ್ಲಿನ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ 2003ರ ಕಾನೂನಿನ ಜೊತೆ ಬಳಕೆಗೆ ಬಂತು. ಅಂದರೆ, ರೋಗಿ ನುಂಗುವುದನ್ನೆಲ್ಲ ಒಟ್ಟಿಗೆ ನೋಡಬೇಕು. ಪಟ್ಟಿ ಮಾಡಿಕೊಡಬೇಕು. ಮುಂದೆ ಏನು ಮಾಡಬೇಕು ಅಂತ ಬರೆದುಕೊಡಬೇಕು. ಬೇಕಾದರೆ ಡಾಕ್ಟರ್ ಹತ್ತಿರ ಮಾತಾಡಬೇಕು. ಎಲ್ಲಾ ಬರೆದಿಟ್ಟು ಮತ್ತೆ ವಿಚಾರಿಸಬೇಕು. ಇದನ್ನು ಪಾಠ ಮಾಡಲು ಅರ್ಧ ಗಂಟೆ ಸಾಕು. ಪಾಂಡವಪುರದ ಕಡೆಯಿಂದ ಬಂದ ಅಜ್ಜಿಯ ಎದುರು ಕೂತು ಮಾಡಲು ತಿಂಗಳುಗಳೇ ಬೇಕು.

ನನ್ನ ಹತ್ತಿರ ಬರುವವರಲ್ಲಿ ಕೇರಳದ ಮಕ್ಕಳು ಜಾಸ್ತಿ. ಹಾಗಾಗಿ ಮೊದಲು ಒಂದಷ್ಟು ಕನ್ನಡದ ಪ್ರಶ್ನೆ ಬಾಯಿಪಾಠ ಮಾಡಿಸುತ್ತೇನೆ. "ಮನೇಲಿರೋ ಮಾತ್ರೆ ಎಲ್ಲಾ ತಂದಿದ್ದೀರಾ?" "ತಿಂಡಿ ಎಷ್ಟೊತ್ತಿಗೆ ತಿಂತೀರಾ?" "ಯಾವುದನ್ನ ತಗೊಳ್ಳೋದು ಬಿಟ್ಟಿದ್ದೀರಾ?" ಉಚ್ಚಾರ ಹೇಗಾದರೂ ಇರಲಿ. ಮಲಯಾಳಿ ಹುಡುಗಿ ತೊದಲಿಕೊಂಡು ಕನ್ನಡ ಮಾತಾಡಿದರೆ ನಮ್ಮ ಅಜ್ಜಿಯರು ನಗುತ್ತಾರೆ, ಆಮೇಲೆ ಎಲ್ಲಾ ಹೇಳುತ್ತಾರೆ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಹೇಳದ್ದನ್ನೂ ಹೇಳುತ್ತಾರೆ.

ಕವರ್ ಮೇಜಿನ ಮೇಲೆ ಸುರಿಯಲಿ

ರೋಗಿ ಬರುವಾಗ ಚೀಟಿ ಮಾತ್ರ ತಂದರೆ ಸಾಲದು. ಬಟ್ಟೆ ಅಂಗಡಿ ಕವರಿನಲ್ಲಿ ಕಟ್ಟಿಟ್ಟ ಮಾತ್ರೆ, ಟಾನಿಕ್, ಮುಲಾಮು, ಚೂರ್ಣ ಎಲ್ಲಾ ಬರಲಿ. ವಿದ್ಯಾರ್ಥಿ ಅದನ್ನು ಸುರಿದು ಗುಡ್ಡೆ ಮಾಡಲಿ: ದಿನಾ ತಗೊಳ್ಳೋದು, ಬೇಕೆನಿಸಿದಾಗ ತಗೊಳ್ಳೋದು, ಬಿಟ್ಟಿದ್ದು, ಯಾಕೆ ಕೊಟ್ಟರೋ ಗೊತ್ತಿಲ್ಲದ್ದು. ಕೊನೆಯ ಗುಡ್ಡೆಯಲ್ಲೇ ನಿಮ್ಮ ಪಾಠ ಇರುವುದು.

ಸ್ಟ್ರಿಪ್ ಕೈಯಲ್ಲಿ ಹಿಡಿದು ಓದಿಸಿ. ಮೆಡಿಕಲ್ಸ್‌ನಲ್ಲಿ ಕತ್ತರಿಸಿ ಕೊಟ್ಟ ಸ್ಟ್ರಿಪ್‌ನಲ್ಲಿ ಎಷ್ಟೋ ಸಲ ಅವಧಿ ಮುಗಿಯುವ ತಾರೀಕೇ ಇರುವುದಿಲ್ಲ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವುದನ್ನು ಜೋರಾಗಿ ಹೇಳಿಸಿ. ಮಂಡ್ಯದ ಡಾಕ್ಟರ್ ಬಿಪಿಗೆ ಟೆಲ್ಮಿಸಾರ್ಟನ್ ಬರೆದಿರುತ್ತಾರೆ. ಮೈಸೂರಿನ ಡಾಕ್ಟರ್ ಟೆಲ್ಮಿಸಾರ್ಟನ್, ಬಿಪಿಯದ್ದೇ ಆದ ಆಮ್ಲೋಡಿಪಿನ್ ಎರಡೂ ಸೇರಿದ ಮಾತ್ರೆ ಬರೆದಿರುತ್ತಾರೆ. ಬಣ್ಣ ಬೇರೆ, ಹೆಸರು ಬೇರೆ. ರೋಗಿ ಪಾಪ ಎರಡನ್ನೂ ನುಂಗುತ್ತಿರುತ್ತಾರೆ. ಎದ್ದು ನಿಂತರೆ ತಲೆ ಸುತ್ತುತ್ತದೆ ಅಂತ ಮೂರನೇ ಡಾಕ್ಟರ್ ಹತ್ತಿರ ಹೋಗುತ್ತಾರೆ, ಅಲ್ಲಿ ತಲೆಸುತ್ತಿಗೆ ಇನ್ನೊಂದು ಮಾತ್ರೆ.

ಇನ್ನು ಪ್ರಶ್ನೆ. "ಅಜ್ಜಿ, ಇದನ್ನ ಸರಿಯಾಗಿ ತಗೊಳ್ತಿದ್ದೀರಾ?" ಅಂತ ಕೇಳಿದರೆ "ತಕ್ಕತೀನಿ ಕಣವ್ವ" ಅನ್ನುತ್ತಾರೆ, ಅಷ್ಟೆ. ಹುಡುಗಿ ಟಿಕ್ ಹಾಕಿ ಮುಂದೆ ಹೋಗುತ್ತಾಳೆ. ಅಲ್ಲಿ ನಿಲ್ಲಿಸಿ. ಮಾತ್ರೆ ವಿಷಯ ಬಿಟ್ಟು ದಿನದ ವಿಷಯ ಕೇಳಿಸಿ: "ನಿನ್ನೆ ಎದ್ದಾಗಿಂದ ಏನೇನ್ ಮಾಡಿದ್ರಿ, ಹೇಳಿ ಅಜ್ಜಿ."

"ಎದ್ದೆ, ಕಾಪಿ ಕುಡ್ದೆ, ಶುಗರ್ ಮಾತ್ರೆ ನುಂಗ್ಬುಟ್ಟು ಹೊಲ್ತಕೆ ಹೋದೆ ಕಣವ್ವ. ಹತ್ತು ಗಂಟೆಗೆ ಬಂದು ಮುದ್ದೆ ಉಂಡೆ. ಅಷ್ಟೊತ್ಗೆ ಕೈಕಾಲೆಲ್ಲಾ ನಡುಕ ಬತ್ತದೆ."

ಆ ಮಾತ್ರೆ ಗ್ಲಿಮೆಪಿರೈಡ್. ಚೀಟಿಯಲ್ಲಿ "ಊಟಕ್ಕೆ ಮುಂಚೆ" ಅಂತಲೇ ಇದೆ, ಅಜ್ಜಿ ಹಾಗೇ ಮಾಡಿದ್ದಾರೆ. ನಾಲ್ಕು ಗಂಟೆ ಮುಂಚೆ! ಸಕ್ಕರೆ ಇಳಿಸುವ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಕಳೆ ಕಿತ್ತರೆ ನಡುಕ ಬಾರದೆ ಇರುತ್ತದಾ? ಅದನ್ನು ಮುದ್ದೆ ತಟ್ಟೆಗೆ ಬಿದ್ದಾಗಲೇ ನುಂಗಬೇಕು. ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಈ ನಡುಕದ ವಿಷಯ ಡಾಕ್ಟರಿಗೆ ಅವತ್ತೇ ತಿಳಿಸಬೇಕು, ಡೋಸ್ ಕಡಿಮೆ ಮಾಡಬೇಕೇನೋ.

ಹೀಗೇ ಒಪ್ಪೊತ್ತಿನ ಬಗ್ಗೆಯೂ ಕೇಳಿಸಿ. ಶನಿವಾರ ಒಪ್ಪೊತ್ತು, ಸೋಮವಾರ ನಂಜುಂಡೇಶ್ವರನಿಗೆ ಉಪವಾಸ, ಮಧ್ಯೆ ಏಕಾದಶಿ. ಅವತ್ತು ಶುಗರ್ ಮಾತ್ರೆ ಏನು ಮಾಡುತ್ತಾರೆ? ಯಾವ ಫಾರ್ಮ್‌ನಲ್ಲೂ ಈ ಕಾಲಂ ಇರುವುದಿಲ್ಲ. ನಮ್ಮ ಫಾರ್ಮ್‌ನಲ್ಲಿ ನಾನೇ ಪೆನ್ನಿನಲ್ಲಿ ಗೆರೆ ಎಳೆಸುತ್ತೇನೆ. ಥೈರಾಯ್ಡ್ ಮಾತ್ರೆಯವರಿಗೆ ಕಾಫಿ ಎಷ್ಟೊತ್ತಿಗೆ ಅಂತ ಕೇಳಿಸಿ. ಮಾತ್ರೆ ಆದ ಮೇಲೆ ಕಾಫಿಗೆ ಅರ್ಧದಿಂದ ಒಂದು ಗಂಟೆ ಅಂತರ ಇರಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ.

ಮಂಡಿ ನೋವಿನ ಮಾತ್ರೆ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಅದನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎಲ್ಲಾ ಬರೆದ ಮೇಲೆ ವಿದ್ಯಾರ್ಥಿ ಉದ್ದದ ಪಟ್ಟಿ ತರುತ್ತಾನೆ. "ಇವತ್ತೇ ಸರಿ ಮಾಡಬೇಕಾದ್ದು ಯಾವುದು?" ಅಂತ ಕೇಳಿ. ಟೆಲ್ಮಿಸಾರ್ಟನ್, ನೀರು ಹೋಗುವ ಮಾತ್ರೆ, ಅದರ ಮೇಲೆ ಅಂಗಡಿಯಿಂದ ತಂದ ನೋವಿನ ಮಾತ್ರೆ ಡೈಕ್ಲೋಫೆನಾಕ್: ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು. ಅದು ಮೊದಲು. ಸಂಧಿವಾತಕ್ಕೆ ಕೊಟ್ಟ ಮೆಥೋಟ್ರೆಕ್ಸೇಟ್ ಕಂಡರೆ ಇನ್ನೂ ಮೊದಲು. ಅದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆಮ್ಲೋಡಿಪಿನ್‌ನಿಂದ ಕಾಲು ಸ್ವಲ್ಪ ಊದಿದ್ದರೆ ಬರೆದಿಡಲಿ, ಡಾಕ್ಟರಿಗೆ ಹೇಳಲಿ, ಆದರೆ ಓಡಿಹೋಗುವ ಅಗತ್ಯ ಇಲ್ಲ. ಆ್ಯಪ್ ಎಲ್ಲವನ್ನೂ ಕೆಂಪಕ್ಷರದಲ್ಲೇ ತೋರಿಸುತ್ತದೆ, ಅದಕ್ಕೇ ಫೋನ್ ಬೇಡ ಅಂದಿದ್ದು.

ಇನ್ಸುಲಿನ್ ಪಾಠಕ್ಕೆ ನೀರು ಸಾಕು

ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಇಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಸಿರಿಂಜೂ ಹಾಗೇ: ಕೆಂಪು ಮುಚ್ಚಳದ್ದು 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಎರಡೂ ಸಿರಿಂಜ್ ಕೊಟ್ಟು 20ರ ಗೆರೆಯವರೆಗೆ ನೀರು ಎಳೆಸಿ. ಪಕ್ಕಪಕ್ಕ ಹಿಡಿಯಲಿ. ಆಮೇಲೆ ಲೆಕ್ಕ ಮಾಡಿಸಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. 100ರ ಇನ್ಸುಲಿನ್ ಕೆಂಪು ಸಿರಿಂಜ್‌ಗೆ ಬಂದರೆ ಅದೇ ಗೆರೆಗೆ 50. ಇದನ್ನು ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ. ಕಣ್ಣಾರೆ ಕಂಡವರು ಆಮೇಲೆ ಪ್ರತಿ ರೋಗಿಯ ಸಿರಿಂಜ್ ಮುಚ್ಚಳವನ್ನೂ ನೋಡುತ್ತಾರೆ.

ಡಾಕ್ಟರಿಗೆ ಹೇಳುವುದು, ರೋಗಿಗೆ ಹೇಳುವುದು

ಒಂದು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಡಾಕ್ಟರ್ ಬರೆದ ಮಾತ್ರೆ ಬಿಡಿ ಅಂತ ವಿದ್ಯಾರ್ಥಿ ತಾನಾಗಿ ರೋಗಿಗೆ ಹೇಳುವಂತಿಲ್ಲ. ಮೊದಲು ನನ್ನ ಹತ್ತಿರ, ಆಮೇಲೆ ಡಾಕ್ಟರ್ ಹತ್ತಿರ. ಅಲ್ಲಿ ಮೂರೇ ಸಾಲು: ಏನು ಕಂಡಿತು, ಯಾಕೆ ಚಿಂತೆ, ಏನು ಮಾಡಬಹುದು. "ಸರ್, ಈ ಅಜ್ಜಿ ಟೆಲ್ಮಿಸಾರ್ಟನ್ ಎರಡು ಕಡೆಯಿಂದ ತಗೊಳ್ತಿದ್ದಾರೆ. ಬಿಪಿ 100/60 ಇದೆ. ಒಂದನ್ನು ನಿಲ್ಲಿಸಬಹುದಾ, ಸರ್?" ರೌಂಡ್ಸ್ ಮಧ್ಯೆ ಹತ್ತು ಜನರ ಮುಂದೆ ಬೇಡ, ಮುಗಿದ ಮೇಲೆ ಹೇಳಲಿ. ತುರ್ತಾದರೆ ಮಾತ್ರ ಕಾಯಬಾರದು.

ರೋಗಿಗೆ ಹೇಳಿ ಮುಗಿಸಿ "ಅರ್ಥ ಆಯ್ತಾ?" ಅಂತ ಕೇಳುವುದು ದಂಡ. ಎಲ್ಲರೂ ಆಯ್ತು ಅಂತಾರೆ. "ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು ಅಜ್ಜಿ, ಮನೇಲಿ ಸೊಸೆಗೆ ಹೇಗೆ ಹೇಳ್ತೀರಾ?" ಅಂತ ಕೇಳಿಸಿ. ಪಟ್ಟಿ ಒಂದೇ ಹಾಳೆ, ದಪ್ಪ ಕನ್ನಡ ಅಕ್ಷರ. ಓದು ಬಾರದವರಿಗೆ ಸೂರ್ಯ, ಚಂದ್ರ ಬರೆದು ಪಕ್ಕದಲ್ಲಿ ಖಾಲಿ ಸ್ಟ್ರಿಪ್‌ನ ತುಂಡು ಅಂಟಿಸಲಿ. ಬ್ರ್ಯಾಂಡ್ ಬದಲಾದರೆ ತುಂಡೂ ಬದಲಾಗಬೇಕು, ಅದನ್ನು ಮನೆಯವರಿಗೆ ಹೇಳಿರಬೇಕು. ಹಾಂ, ಚೀಟಿಯ ಫೋಟೋ ತೆಗೆದು ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕುವ ಅಭ್ಯಾಸ ಮೊದಲ ದಿನವೇ ಬಿಡಿಸಿ.

ಅಂಕ ಕೊಡುವಾಗ ಎಷ್ಟು ಕೇಸ್ ಬರೆದರು ಅಂತ ನೋಡಬೇಡಿ. ಕೆಲವೇ ರೋಗಿಗಳನ್ನು ಹಿಡಿದು, ಎರಡು ವಾರ ಬಿಟ್ಟು ಮತ್ತೆ ವಿಚಾರಿಸಿದರಾ, ನಡುಕ ನಿಂತಿತಾ, ಶುಗರ್ ಎಷ್ಟಿದೆ ಅಂತ ಬರೆದರಾ, ಅದಕ್ಕೆ ಅಂಕ ಕೊಡಿ. ಫೋನ್ ಮಾಡಲು ರೋಗಿಯ ಒಪ್ಪಿಗೆ ಮೊದಲೇ ಪಡೆದಿರಲಿ. ಬೆಳಿಗ್ಗೆ ಮಾಡಿದರೆ ಹೊಲದಲ್ಲಿರುತ್ತಾರೆ, ಮಧ್ಯಾಹ್ನ ಮಲಗಿರುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ, ಧಾರಾವಾಹಿ ಶುರುವಾಗುವ ಮುಂಚೆ ಮಾಡಿದರೆ ಅಜ್ಜಿ ಸಿಗುತ್ತಾರೆ.