ಅಮೆರಿಕಾದ ಇಮಿಗ್ರೇಷನ್ ಕೋರ್ಟಿಗೆ ಮಂಗಳೂರಿಂದ ಸಾಕ್ಷಿ ರೆಡಿ ಮಾಡಿದ್ದು: ನನ್ನ ಅನುಭವ

ನಾನು ಮಂಗಳೂರಲ್ಲಿ ಸಿವಿಲ್ ವಕೀಲ, ದಿನಾ ನೋಡುದು ಆರ್‌ಟಿಸಿ, ವಿಲ್ಲು, ಪಾಲಿನ ಕೇಸು ಇಂಥದ್ದೇ. ಉಡುಪಿ ಕಡೆಯ ಒಂದು ಮನೆಯವರು ಬಂದು ಅಮೆರಿಕಾದಲ್ಲಿರುವ ಮಗನ ಗಡೀಪಾರು ಕೇಸಿಗೆ ಇಲ್ಲಿಂದ ಕಾಗದ ಮಾಡಿ ಕೊಡ್ಬೇಕು ಅಂದಾಗ ನೋಟರಿ ಕೆಲಸ ಅಂದ್ಕೊಂಡು ಒಪ್ಪಿದೆ. ಮಗ ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ಉಳ್ಕೊಂಡವ, ಹತ್ತು ವರ್ಷದ ಮೇಲಾಯ್ತು, ಅಲ್ಲೇ ಹುಟ್ಟಿದ ಮಗಳು ಉಂಟು, ಅವಳಿಗೆ ಆಟಿಸಂ. ಅಲ್ಲಿನ ಕಾನೂನಲ್ಲಿ ಕ್ಯಾನ್ಸಲೇಷನ್ ಆಫ್ ರಿಮೂವಲ್, ಅಂದ್ರೆ ಗಡೀಪಾರು ರದ್ದು ಮಾಡುದು, ಅಂತ ಒಂದು ದಾರಿ ಉಂಟು. 10 ವರ್ಷ ಬಿಡದೆ ಅಲ್ಲೇ ಇದ್ದಿರಬೇಕು, ನಡತೆ ಸರಿ ಇರ್ಬೇಕು, ಮತ್ತೆ ಇವನನ್ನು ಕಳಿಸಿದ್ರೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಹೆಂಡತಿಗೋ ಮಕ್ಕಳಿಗೋ ಅಪ್ಪ ಅಮ್ಮನಿಗೋ ಆಗುವ ಕಷ್ಟ ಎಲ್ಲರಿಗೂ ಆಗುವಂಥದ್ದಲ್ಲ, ತೀರಾ ಅಸಾಮಾನ್ಯದ್ದು ಅಂತ ತೋರಿಸ್ಬೇಕು. ಅಂದ್ರೆ ಮಗು ಊರಿಗೆ ಬಂದ್ರೆ ಅದಕ್ಕೆ ಇಲ್ಲಿ ಎಂತ ಸಿಗ್ತದೆ, ಎಂತ ಸಿಗುದಿಲ್ಲ ಅನ್ನುದೇ ಕೇಸು. ಅದನ್ನು ತೋರಿಸುದು ನನ್ನ ಪಾಲಿಗೆ ಬಂತು.

ಅಲ್ಲಿನ ವಕೀಲ್ರು ಫೋನಲ್ಲಿ ಮೊದಲು ಹೇಳಿದ್ದು, ಇದು ನೀವು ಅಂದ್ಕೊಂಡ ಥರದ ಕೋರ್ಟ್ ಅಲ್ಲ ಅಂತ. ಇಮಿಗ್ರೇಷನ್ ಕೋರ್ಟು ಜಸ್ಟಿಸ್ ಡಿಪಾರ್ಟ್‌ಮೆಂಟಿನ ಒಳಗೆ ಬರ್ತದೆ, ಜಡ್ಜು ಆ ಇಲಾಖೆಯ ಮುಖ್ಯಸ್ಥ ಅಟಾರ್ನಿ ಜನರಲ್ ಕೈಕೆಳಗೆ, ಎದುರು ನಿಲ್ಲುದು ವಲಸೆ ವಿಷಯ ನೋಡುವ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ವಕೀಲ್ರು. ನೀವು ವಕೀಲ್ರನ್ನು ಇಡ್ಬಹುದು, ಆದ್ರೆ ಸರ್ಕಾರದ ಖರ್ಚಲ್ಲಿ ಅಲ್ಲ. ಎವಿಡೆನ್ಸ್ ರೂಲ್ಸ್ ಅಲ್ಲಿ ಕಟ್ಟುನಿಟ್ಟಾಗಿ ಇಲ್ಲ, ಜಡ್ಜು ನೋಡುದು ಎರಡೇ: ಈ ಕಾಗದ ವಿಷಯಕ್ಕೆ ಸಂಬಂಧಪಟ್ಟದ್ದಾ, ಇದನ್ನು ತಗೊಂಡ್ರೆ ಎದುರಿನವನಿಗೆ ಅನ್ಯಾಯ ಆಗ್ತದಾ. ಹಿಯರ್‌ಸೇ, ಅಂದ್ರೆ ಬೇರೆಯವರು ಹೇಳಿದ್ದು ಕೇಳಿ ಹೇಳುವ ಸಾಕ್ಷಿ, ಕೂಡ ಒಳಗೆ ಬರ್ತದೆ. ಇಲ್ಲಿ ಒಂದು ವಾಟ್ಸಾಪ್ ಪ್ರಿಂಟಿಗೆ ಸಾಕ್ಷ್ಯ ಕಾನೂನಿನ 65ಬಿ ಸೆಕ್ಷನ್ನಿನ ಸರ್ಟಿಫಿಕೇಟ್, ಈಗ ಹೊಸ ಕಾನೂನಲ್ಲಿ ಸೆಕ್ಷನ್ 63, ಅಂತ ಒದ್ದಾಡುವ ನನಗೆ ಇದು ಹಬ್ಬ ಅನ್ನಿಸಿತು. ಆದ್ರೆ ಬಾಗಿಲು ಸರ್ಕಾರಕ್ಕೂ ಅಷ್ಟೇ ತೆರೆದಿರ್ತದೆ ಮಾರಾಯ್ರೆ. ಇವ ಯಾರು, ಯಾವ ದೇಶದವ, ಹೇಗೆ ಬಂದ ಅಂತ ಇಮಿಗ್ರೇಷನ್ ಆಫೀಸರ್ ಒಬ್ಬ ತುಂಬಿಸಿದ ಐ-213 ಅನ್ನುವ ಫಾರ್ಮು, ಅವ ಕೋರ್ಟಿಗೆ ಬರದಿದ್ರೂ, ಸಾಮಾನ್ಯವಾಗಿ ನಂಬತಕ್ಕದ್ದು ಅಂತಲೇ ತಗೊಳ್ತಾರೆ. ಒಳಗೆ ಹೋಗುದು ಸುಲಭ, ಅದಕ್ಕೆ ಎಷ್ಟು ತೂಕ ಕೊಡ್ತಾರೆ ಅನ್ನುದರಲ್ಲೇ ಎಲ್ಲ ಜಗಳ.

ಹಾಗಾಗಿ ಪ್ರತಿ ಕಾಗದಕ್ಕೂ ನಾನು ಕೇಳ್ಕೊಂಡದ್ದು, ಇದನ್ನು ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು, ನಾಳೆ ಕ್ರಾಸ್ (ಪಾಟೀಸವಾಲು) ಮಾಡಿದ್ರೆ ನಿಲ್ತಾರಾ. ಮೊದಲು ಮಗುವಿನ ಅಜ್ಜಿಯ ಅಫಿಡವಿಟ್. ಅವರಿಗೆ ತುಳು, ಸ್ವಲ್ಪ ಕನ್ನಡ, ಇಂಗ್ಲಿಷ್ ಇಲ್ಲ. ಇಂಗ್ಲಿಷಲ್ಲಿ ಟೈಪ್ ಮಾಡಿ ಸೈನ್ ಹಾಕಿಸಿದ್ರೆ ಸಾಕಾಗುದಿಲ್ಲ, ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಓದಿ ಹೇಳಿದೆ, ಅರ್ಥ ಮಾಡ್ಕೊಂಡು ಸೈನ್ ಹಾಕಿದ್ದಾರೆ ಅಂತ ಓದಿ ಹೇಳಿದವನ ಸರ್ಟಿಫಿಕೇಟ್ ಬೇಕು. ಕನ್ನಡದ ದಾಖಲೆ ಆದ್ರೆ ಇಂಗ್ಲಿಷ್ ಅನುವಾದ, ಅದರ ಜೊತೆ ಅನುವಾದ ಮಾಡಿದವನು ನನಗೆ ಎರಡೂ ಭಾಷೆ ಬರ್ತದೆ, ಇದು ಸರಿಯಾಗಿದೆ ಅಂತ ಬರೆದು ಸೈನ್ ಹಾಕ್ಬೇಕು. ನಾನು ಅವರ ಮನೆಯಲ್ಲೇ ಕೂತು ತುಳುವಿನಲ್ಲಿ ಕೇಳಿ ಅವರು ಹೇಳಿದ ಹಾಗೇ ಬರೆದೆ. "ವಕೀಲ್ರೆ, ಪುಳ್ಳಿ (ಮೊಮ್ಮಗಳು) ಬಂದ್ರೆ ನಾನು ನೋಡಿಕೊಳ್ತೇನೆ ಅಂತ ಬರೀರಿ" ಅಂದ್ರು. ಅಮ್ಮ, ನಿಮಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುದಿಲ್ಲ ಅಂತ ಈಗಷ್ಟೇ ಹೇಳಿದ್ದಲ್ವಾ ಅಂದೆ. ನಗಾಡಿದ್ರು. ಎರಡೂ ಬರೆದೆ, ನೋಡಿಕೊಳ್ಲಿಕ್ಕೆ ಮನಸ್ಸುಂಟು, ಮೈ ಕೇಳುದಿಲ್ಲ ಅಂತ.

ನೆರೆಯವರ ಅಫಿಡವಿಟ್ ಬೇಕು ಅಂತ ಮನೆಯವರು ಐದಾರು ಜನರನ್ನು ಕರ್ಕೊಂಡು ಬಂದ್ರು, ನಮ್ಮ ಕಡೆ ಟೈಪಿಸ್ಟ್ ಒಂದೇ ಡ್ರಾಫ್ಟಿಗೆ ಹೆಸರು ಬದಲಿಸಿ ಪ್ರಿಂಟ್ ಹೊಡೀತಾನೆ ಅಲ್ವಾ, ಅದನ್ನು ನಾನು ಬಿಡ್ಲಿಲ್ಲ. 2015ರಲ್ಲಿ ಇಮಿಗ್ರೇಷನ್ ಜಡ್ಜುಗಳ ತೀರ್ಪಿನ ಮೇಲೆ ಅಪೀಲ್ ಕೇಳುವ ಅಲ್ಲಿನ ಬೋರ್ಡ್ ಆಫ್ ಇಮಿಗ್ರೇಷನ್ ಅಪೀಲ್ಸ್, ಅಣ್ಣ ತಮ್ಮನ ಹೇಳಿಕೆಗಳು ಒಂದೇ ಥರ ಇದ್ದ ಕೇಸಲ್ಲಿ ಹೇಳಿದ್ದುಂಟು: ಜಡ್ಜು ಆ ಹೋಲಿಕೆಯನ್ನು ಅರ್ಜಿದಾರನಿಗೆ ತೋರಿಸ್ಬೇಕು, ವಿವರಣೆ ಕೊಡ್ಲಿಕ್ಕೆ ಅವಕಾಶ ಕೊಡ್ಬೇಕು, ಆಮೇಲೆ ಎಲ್ಲವನ್ನೂ ಸೇರಿಸಿ ನಂಬುದಾ ಬಿಡುದಾ ಅಂತ ತೀರ್ಮಾನ ಮಾಡ್ಬೇಕು. ಕೇಳದೆ ತಳ್ಳಿ ಹಾಕುವ ಹಾಗಿಲ್ಲ ಅನ್ನುದು ನ್ಯಾಯವೇ, ಆದ್ರೆ ಆ ಪ್ರಶ್ನೆ ಏಳುವ ಹಾಗೆ ನಾವು ಯಾಕೆ ಮಾಡ್ಬೇಕು. ಇಬ್ಬರದ್ದು ಮಾತ್ರ ತಗೊಂಡೆ.

ಹೆಚ್ಚು ಕೆಲಸ ಹಿಡಿದದ್ದು ಥೆರಪಿ ವಿಷಯ. ಇಲ್ಲಿ ಏನೂ ಇಲ್ಲ ಅಂತ ಬರೆದು ಬಿಡಿ ಅಂದ್ರು ಹುಡುಗನ ಭಾವ. ಮಂಗಳೂರಲ್ಲಿ ಏನೂ ಇಲ್ಲ ಅಂತ ಯಾರು ನಂಬ್ತಾರೆ ಸ್ವಾಮೀ, ವೆನ್ಲಾಕ್ ಉಂಟು, ಗಲ್ಲಿಗೊಂದು ಆಸ್ಪತ್ರೆ, ಮೆಡಿಕಲ್ ಕಾಲೇಜುಗಳು ಎಷ್ಟು, ಒಂದು ಗೂಗಲ್ ಸರ್ಚಿಗೆ ಇಡೀ ಫೈಲು ಬಿದ್ದು ಹೋಗ್ತದೆ. ಇರುದನ್ನು ಇದೆ ಅಂತಲೇ ಬರೆಸಿ, ಈ ಮಗುವಿಗೆ ಅದು ಯಾಕೆ ಮುಟ್ಟುದಿಲ್ಲ ಅಂತ ತೋರಿಸ್ಬೇಕು: ಮಗುವಿಗೆ ಅರ್ಥ ಆಗುದು ಇಂಗ್ಲಿಷ್ ಮಾತ್ರ, ಹಳ್ಳಿ ಮನೆಯಿಂದ ಬಸ್ಸಲ್ಲಿ ಬಂದು ಹೋಗ್ಬೇಕು, ಅಲ್ಲಿ ಶಾಲೆಯ ಒಳಗೇ ಸಿಗುವ ಸ್ಪೀಚ್ ಥೆರಪಿ ಇಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸ್ಬೇಕು. ಸೆಂಟರಿನವರು ಕೋರ್ಟ್ ಅಂದ ಕೂಡಲೇ ಹಿಂದೆ ಸರೀತಾರೆ, ಕೊಟ್ರೂ "ಟು ಹೂಮ್‌ಸೋಎವರ್" ಅಂತ ಎರಡು ಸಾಲು, ಕೆಳಗೆ ಸೀಲು, ಹೆಸರೇ ಇಲ್ಲ. ನಾನು ಕೂತು ಕೇಳಿ ಪಡೆದದ್ದು ಲೆಟರ್‌ಹೆಡ್ಡಲ್ಲಿ ಹೆಸರು, ಹುದ್ದೆ, ರಿಹ್ಯಾಬಿಲಿಟೇಷನ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್, ತಾರೀಕು, ಫೀಸು, ವೇಟಿಂಗ್ ಎಷ್ಟು, ಮಗುವನ್ನು ತಾವು ನೋಡಿಲ್ಲ ಅನ್ನುದು ಕೂಡ. ಆ ಕೊನೆಯ ಸಾಲು ಇರ್ಲೇಬೇಕು ಅಂತ ನಾನೇ ಹೇಳಿದ್ದು.

ಹಿಯರಿಂಗಲ್ಲಿ ನಾನು ಅಂದ್ಕೊಂಡದ್ದೇ ಆಯ್ತು, ಸರ್ಕಾರದ ವಕೀಲ್ರು ಮಂಗಳೂರು ದೊಡ್ಡ ಮೆಡಿಕಲ್ ಸೆಂಟರ್ ಅನ್ನುವ ಒಂದು ವೆಬ್‌ಸೈಟಿನ ಪ್ರಿಂಟ್ ಹಾಕಿದ್ರು. ನಮ್ಮ ಕಡೆಯ ವಕೀಲ್ರು, ಇದನ್ನು ಬರೆದವರು ಯಾರು, ಯಾವಾಗ, ಗೊತ್ತಿಲ್ಲ ಅಂತ ಆಕ್ಷೇಪ ಎತ್ತಿದ್ರು. ಜಡ್ಜು ಒಳಗೆ ತಗೊಂಡ್ರು, ತೂಕ ಆಮೇಲೆ ನೋಡ್ತೇನೆ ಅಂದ್ರು. ಈ ವಿಷಯದಲ್ಲಿ ನನಗೆ ಇಷ್ಟ ಆದದ್ದು 2003ರಲ್ಲಿ ಅಲ್ಲಿನ ಫೆಡರಲ್ ಅಪೀಲ್ ಕೋರ್ಟುಗಳಲ್ಲಿ ಒಂದಾದ ಥರ್ಡ್ ಸರ್ಕ್ಯೂಟ್ ಕೊಟ್ಟ ಒಂದು ತೀರ್ಪು. ಕ್ಯಾಮರೂನಿನ ಹೆಂಗಸೊಬ್ಬರ ದಾಖಲೆಗಳು ಸುಳ್ಳು ಅಂತ ಅಮೆರಿಕಾದ ಎಂಬೆಸಿ ಕಡೆಯಿಂದ ಪತ್ರ ಬಂದಿತ್ತು, ಯಾರು ವಿಚಾರಿಸಿದ್ದು, ಹೇಗೆ ಅಂತ ಏನೂ ಇಲ್ಲ, ಯಾರೋ ಹೇಳಿದ್ದನ್ನು ಇನ್ನೊಬ್ಬ ಬರೆದದ್ದು, ಅಂಥ ಕಾಗದವನ್ನು ನಂಬಿದ್ದು ಅನ್ಯಾಯ ಅಂತ ಕೋರ್ಟು ಹೇಳಿತು. ಸರ್ಕಾರಕ್ಕೆ ಕೇಳಿದ ಅದೇ ಪ್ರಶ್ನೆಗೆ ನಮ್ಮ ಕಾಗದವೂ ಉತ್ತರ ಕೊಡ್ಬೇಕಲ್ವಾ. ಮತ್ತೆ 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ಕಷ್ಟದ ಮಾನದಂಡ ಸರಿಯಾಗಿ ಹಾಕಿದ್ದಾರಾ ಅನ್ನುದನ್ನು ಫೆಡರಲ್ ಅಪೀಲ್ ಕೋರ್ಟು ನೋಡ್ಬಹುದು ಅಂದಿದೆ, ಆದ್ರೆ ಜಡ್ಜು ಕಂಡುಕೊಂಡ ಸಂಗತಿಗಳನ್ನು ಮುಟ್ಲಿಕ್ಕಿಲ್ಲ. ಅಂದ್ರೆ ಸಂಗತಿ ಎಂತ ಉಂಟೋ ಅದು ಮೊದಲ ಹಂತದಲ್ಲೇ ಫೈಲಿಗೆ ಬಿದ್ದಿರ್ಬೇಕು.

ತೀರ್ಪು ಇನ್ನೂ ಬಂದಿಲ್ಲ. ಈ ಥರದ ಮಂಜೂರಾತಿಗೆ ಇಡೀ ದೇಶಕ್ಕೆ ವರ್ಷಕ್ಕೆ 4,000 ಅಂತ ಮಿತಿ ಉಂಟು, ಅದು ಮುಗಿದ್ರೆ ಕಾಯ್ಬೇಕು. ಅಷ್ಟರಲ್ಲಿ ಥೆರಪಿ ಸೆಂಟರಿನ ಪತ್ರ ಹಳತಾಯ್ತು, ಹೊಸ ತಾರೀಕಿನದ್ದು ಬೇಕು ಅಂತ ಅಲ್ಲಿಂದ ಮೆಸೇಜ್ ಬಂದಿದೆ, ಫೀಸು ಈಗ ಜಾಸ್ತಿ ಆಗಿದೆಯಂತೆ, ಅದನ್ನೂ ಬರೆಸ್ಬೇಕು.